ಆ್ಯಪ್ ಆರಿಸಿದ ಕೊಬ್ಬರಿ

ಕೊಬ್ಬರಿ ಒಣಗಿದೆಯೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನಮ್ಮ ಶೆಟ್ಟಿಕೆರೆಯ ಪದ್ಧತಿ. ಒಳಗೆ ಉಂಡೆ ಉರುಳಿದ ಸದ್ದಾದರೆ ಸುಲಿಯಬಹುದು, ಇಲ್ಲದಿದ್ದರೆ ವಾಪಸ್ಸು ಅಟ್ಟಕ್ಕೆ. ಈ ಸದ್ದು ಕೇಳುವ ಆ್ಯಪ್ ಮಾಡಿ ತೆಂಗಿನ ಸೀಮೆಯನ್ನು ಉದ್ಧಾರ ಮಾಡಲು ನಾನು ತೀರ್ಮಾನಿಸಿದೆ.

ಆಗ ನಾದಿನಿಯ ಮದುವೆ ಹತ್ತಿರವಿತ್ತು. ತಾಂಬೂಲಕ್ಕೆ ನಮ್ಮ ಅಟ್ಟದ ಉಂಡೆ ಕೊಬ್ಬರಿಯನ್ನೇ ಕೊಡುವುದಾಗಿ ನನ್ನ ಹೆಂಡತಿ ಸಾವಿತ್ರಿ ತವರಿಗೆ ಮಾತು ಕೊಟ್ಟಿದ್ದಳು.

"ಆರ್ಸೋ ಕೆಲ್ಸ ನಂಗ್ ಬುಡು," ಎಂದೆ.

ಹಳೆಯ ಫೋನೊಂದನ್ನು ಬಿಚ್ಚಿ, ಬ್ಯಾಟರಿ ಬದಲಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆ್ಯಪ್ ಬರೆಯಬಹುದು. ಬರೆಯುವ ಮುನ್ನ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು, ಆರಿಸಬೇಕು. ಮೊದಲನೆಯದು ಬಲು ಭಾರ; ಫೋನು ರೊಟ್ಟಿ ಹೆಂಚಿನಷ್ಟು ಬಿಸಿಯಾಯಿತು. ಎರಡನೆಯದು ಹಗುರ, ಆದರೆ ಅದಕ್ಕೂ ಮೈಕಿಗೂ ಮಾತುಕತೆಯೇ ಇಲ್ಲ. ಮೂರನೆಯದನ್ನು ಕಲಿಯುವಷ್ಟರಲ್ಲಿ ಹೊಸ ಆವೃತ್ತಿ ಬಂದು, ಕಲಿತದ್ದೆಲ್ಲ ಹಳತಾಯಿತು!

"ಇನ್ನೂ ಚೌಕಟ್ಟೇನಾ? ನಾಳೆ ಸುಲಿಯೋರು ಬತ್ತಾರೆ ಕಣ್ರೀ. ನಾನೇ ಅಲ್ಲಾಡ್ಸಿ ನೋಡ್ತೀನಿ, ಬುಡಿ," ಎಂದಳು ಸಾವಿತ್ರಿ.

"ಅಡಿಪಾಯ ಗಟ್ಟಿ ಇರ್ಬೇಕು ಕಣೇ," ಎಂದೆ ಗಂಭೀರವಾಗಿ.

ನಾಲ್ಕನೆಯದು ಕೈಹಿಡಿಯಿತು. ಬೆಳಿಗ್ಗೆ ಸಾವಿತ್ರಿ ಅರಳಗುಪ್ಪೆಯ ತವರಿಗೆ ಹೊರಟ ಮೇಲೆ, ಫೋನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಾಯಿಗೆ ಬಿಗಿದು ಅಲ್ಲಾಡಿಸಿದೆ. ಪರದೆ ಹಸಿರಾಯಿತು. ಅಂದರೆ ಒಣಗಿದೆ. ಮುಂದಿನದೂ ಹಸಿರು. ಅಟ್ಟದ ಅಷ್ಟೂ ಕಾಯಿ ಹಸಿರು! ಅಲ್ಲಿ ನಾನು ಅನುಮಾನಪಡಬೇಕಿತ್ತು. ಹೆಮ್ಮೆಪಟ್ಟೆ.

ಸಂಜೆ ಸಾವಿತ್ರಿ ಬರುವಷ್ಟರಲ್ಲಿ ಕಾಯಿಗಳ ನಾರಿನ ಮಟ್ಟೆಯೆಲ್ಲ ಸುಲಿದಾಗಿತ್ತು. ಅವಳು ಒಂದು ಚಿಪ್ಪು ಒಡೆದಳು. ನೀರು ಚಿಮ್ಮಿತು. ಇನ್ನೊಂದು ಒಡೆದಳು. ಅದರಲ್ಲೂ ನೀರು. ಮಟ್ಟೆ ಕಳಚಿದ ಹಸಿಕಾಯಿ ಮತ್ತೆ ಅಟ್ಟ ಹತ್ತಿದರೆ ಕೆಡುತ್ತದೆ, ಕೊಬ್ಬರಿಯಾಗುವುದಿಲ್ಲ.

"ಅವ್ವಂಗೆ ಏನಂತ ಹೇಳ್ಲಿ?" ಎಂದಳು ಸಣ್ಣ ದನಿಯಲ್ಲಿ.

ನನಗೆ ನಿಜಕ್ಕೂ ಸಂಕಟವಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಫ್ರೇಮ್‌ವರ್ಕ್ ಮಾತ್ರ ಸರಿಯಾಗೇ ಆರ್ಸಿದ್ದೆ ಕಣೇ."

ಅವಳು ಫೋನು ಕಿತ್ತುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಡಗಡ! ಬ್ಯಾಟರಿ ಹಾಕುವಾಗ ಬಿದ್ದ ಸ್ಕ್ರೂ ಒಳಗೇ ಉರುಳಾಡುತ್ತಿತ್ತು.

"ಇದೊಂದು ಚೆನ್ನಾಗ್ ಒಣಗೈತೆ. ಇದನ್ನ ಸುಲೀರಿ," ಎಂದಳು.

ಮದುವೆಯಲ್ಲಿ ತಾಂಬೂಲಕ್ಕೆ ಆ ಹಸಿಕಾಯಿಗಳನ್ನೇ ಕೊಟ್ಟೆವು. ಕೊಡಲು ಬಾಗಿಲಲ್ಲಿ ನನ್ನನ್ನೇ ನಿಲ್ಲಿಸಿದ್ದರು. ಅತ್ತೆಯ ಕಡೆಯವರು ಒಬ್ಬೊಬ್ಬರೂ ಕಾಯಿ ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು!