ಕಣ್ಣು ತೆರೆಸುವ ಕಾಕಾ

ನಮ್ಮ ಕಾಕಾ ದೇವರ ಕೆಲಸವನ್ನು ತಿದ್ದುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಪುಣೆಯ ಗುಲ್ಟೇಕಡಿಯಲ್ಲಿದ್ದ ಅವರ ಎರಡು ಕೋಣೆಯ ಮನೆಯ ಗೋಡೆಗಳ ಮೇಲೆ ಚೌಕಟ್ಟುಗಳಲ್ಲಿ ಸಾಲಾಗಿ ಕೂತಿದ್ದ ಮಂಗ, ನರಿ, ಗೂಬೆಗಳನ್ನು ನೋಡಿದ್ದರೆ, ಬ್ರಹ್ಮನಿಗೆ ಕೊನೆಯ ಕೈ ಹಾಕಲು ಪುರುಸೊತ್ತು ಸಿಕ್ಕಿರಲಿಲ್ಲ ಎಂದು ನೀವೂ ಒಪ್ಪುತ್ತಿದ್ದಿರಿ.

ಕಾಕಾ ನನ್ನ ತಂದೆಯ ತಮ್ಮ. ವಿಜಾಪುರದಿಂದ ಬಂದು ಪುಣೆಯ ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಹಿಡಿದಿದ್ದರು. ತೊಂಬತ್ತರ ದಶಕದಲ್ಲಿ ಅದು ಪೆನ್ಸಿಲ್ಲು, ಕುಂಚಗಳ ಕೆಲಸ. ಹುಡುಗಿಯ ಮೊಡವೆ ಅಳಿಸಬೇಕು, ಹುಡುಗನಿಗೆ ಕೂದಲು ಕೊಡಬೇಕು. ಆದರೆ ಅವರು ಹೆಸರು ಮಾಡಿದ್ದು ಬೇರೆಯದರಲ್ಲಿ. ಬದುಕಿರುವಾಗ ಫೋಟೋ ತೆಗೆಸಿಕೊಳ್ಳದ ಹಿರಿಯರನ್ನು ಸತ್ತ ಮೇಲೆ ಗೋಡೆಗೆ ಒರಗಿಸಿ ಕೂಡಿಸಿ ಫೋಟೋ ತೆಗೆಯುವುದು ಆಗ ಇತ್ತಲ್ಲ? ಮನೆಯವರು ಆ ಚಿತ್ರ ತರುತ್ತಿದ್ದರು. ಕಾಕಾ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದು, ಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ ಇಡುತ್ತಿದ್ದರು. ಅಜ್ಜ ಮಾಲೆ ಹಾಕಿಸಿಕೊಳ್ಳಲು ತಯಾರು.

ಇಂಥವರಿಗೆ ಕಾಡುಪ್ರಾಣಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿದರೆ ಏನಾಗಬೇಕು? ಭಾನುವಾರ ನಸುಕಿನಲ್ಲೇ ಪುಣೆಯಾಚೆಯ ಶಿರೂರಿನ ಕಾಡಿನ ಕಡೆ ಹೊರಡಬೇಕು. ಅದಕ್ಕೂ ಮೊದಲು ಅವರ ಹೆಂಡತಿ, ನಮ್ಮ ಕಾಕು, ಏಳಬೇಕು.

"ಏಳು, ಡಬ್ಬಿ ಕಟ್ಟು. ಪ್ರಾಣಿಗಳು ಕಾಯಾಕತ್ತಾವ."

"ನೀವು ಬರೋದು ಅವಕ್ಕ ಗೊತ್ತದ ಏನ್ರಿ? ಸುಮ್ಮ ಮಲಗಿರ್ತಾವ. ಅವಕ್ಕಾದ್ರೂ ನಿದ್ದಿ ಮಾಡಗೊಡ್ರಿ."

ಕಾಕುವಿನ ಮಾತು ನಿಜವೇ ಆಗುತ್ತಿತ್ತು. ಬಂದ ಚಿತ್ರಗಳಲ್ಲಿ ಅರ್ಧಕ್ಕರ್ಧ ಪ್ರಾಣಿಗಳು ತೂಕಡಿಸುತ್ತಿದ್ದವು. ಎರಡು ಸಾವಿರದ ಇಸವಿಯ ಈಚೆ ಮನೆಗೆ ಕಂಪ್ಯೂಟರ್ ಬಂತು. ಪ್ರಾಣಿಗಳ ನಿದ್ದೆಗೆ ಸಂಚಕಾರ ಬಂತು. ಕಾಕಾ ಒಂದೊಂದು ಮುಖಕ್ಕೂ ವಾರಗಟ್ಟಲೆ ಕೂರುತ್ತಿದ್ದರು.

"ಮದಲ ಹಿಂದಿನ ಗಿಡಗಂಟಿ ಮಬ್ಬ ಮಾಡಬೇಕು. ಮೂಗಿಗೆ ಅಡ್ಡ ಬಂದ ಕಡ್ಡಿ ತಗೀಬೇಕು. ಕಡೀಕ ಕಣ್ಣು. ಕಣ್ಣಾಗ ಬಿಳಿ ಚುಕ್ಕಿ ಇಲ್ಲಂದ್ರ ಅದು ನರಿ ಅಲ್ಲ, ನರಿ ಚರ್ಮ," ಎಂದು ನನಗೆ ಪಾಠ ಹೇಳಿದ್ದರು.

ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಗೋದಾಮಿನ ತೊಲೆಯ ಮೇಲೆ ಹಗಲು ನಿದ್ದೆ ಮಾಡುತ್ತಿದ್ದ ಗೂಬೆಯೊಂದಕ್ಕೂ ಇದೇ ಉಪಚಾರವಾಯಿತು. ಎರಡೂ ಕಣ್ಣು ತೆರೆದು, ಗರಿ ನೀವಿ, ಮುಖಕ್ಕೆ ತುಸು ಬೆಳಕು ಕೊಟ್ಟು ಒಂದು ಛಾಯಾಚಿತ್ರ ಪ್ರದರ್ಶನಕ್ಕೆ ಒಯ್ದರು. ಆಯ್ಕೆಗೆ ಕೂತವರು ಚಿತ್ರವನ್ನೂ ಕಾಕಾನನ್ನೂ ನೋಡಿ, ಈ ಗೂಬೆಯನ್ನು ನೋಡಲು ವರ ಬರುವವನಿದ್ದಾನೋ ಎಂದು ಮರಾಠಿಯಲ್ಲಿ ಕೇಳಿದರಂತೆ. ಕಾಕಾ ಮನೆಗೆ ಬಂದು, "ಅವರಿಗೆ ಗೂಬಿ ಬೇಕಾಗಿಲ್ಲ, ಗೂಬಿ ನಿದ್ದಿ ಬೇಕಾಗೇದ," ಎಂದು ಚಿತ್ರವನ್ನು ಗೋಡೆಗೆ ಹಾಕಿದರು.

ಹೀಗೆ ಸಕಲ ಜೀವರಾಶಿಯ ಕಣ್ಣು ತೆರೆಸಿದವರ ಹೆಂಡತಿ ಮಾತ್ರ, ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಕಣ್ಣು ಮುಚ್ಚುತ್ತಿದ್ದರು. ಹೇಳಿ ತೆಗೆದರೂ ಅಷ್ಟೆ, ಕದ್ದು ತೆಗೆದರೂ ಅಷ್ಟೆ. ನನ್ನ ಮದುವೆಯ ಗುಂಪು ಫೋಟೋದಲ್ಲೂ ಹಾಗೇ ಆಯಿತು. ಕಾಕಾ ಬಿಡುವರೇ? ಶಿರೂರಿನ ಜಿಂಕೆಯೊಂದರ ಕಣ್ಣುಗಳನ್ನು ತಂದು ಕಾಕುವಿಗೆ ಕೂಡಿಸಿದರು. ಕವಿಗಳು ಸಾವಿರ ವರ್ಷ ಬರಿ ಬಾಯಲ್ಲಿ ಹೇಳಿದ್ದನ್ನು ಕಾಕಾ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದರು.

ಕಾಕು ಬಹಳ ಹೊತ್ತು ನೋಡಿದರು. "ಭಾಳ ಛಂದ ಅದಾವ್ರಿ. ಆದ್ರ ಈಕಿ ಈಗ ಹುಲ್ಲು ಕೇಳ್ತಾಳ. ಒಂದು ಫೋಟೋದಾಗಾದ್ರೂ ನನ್ನ ಕಣ್ಣು ನನ್ನವಽ ಇರ್ಲಿ."

"ಮುಂದಿನ ಸಲ ಹಿಡೀತೀನಿ," ಎಂದರು ಕಾಕಾ.

ಮುಂದಿನ ಸಲ, ಅದರ ಮುಂದಿನ ಸಲ. ಕಾಕು ಡಬ್ಬಿಯ ಜೊತೆಗೆ ತಾವೂ ಶಿರೂರಿಗೆ ಹೋಗತೊಡಗಿದರು. ಕಾಕಾ ಮರಗಳ ಹಿಂದೆ ಅಡಗಿ ಕೂತದ್ದು ಜಿಂಕೆಗೋ ಹೆಂಡತಿಗೋ, ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಇದೆಲ್ಲ ಗೂಬೆಗಿಂತ ಮೊದಲೋ ಆಮೇಲೋ, ನಾನು ಆಣೆ ಮಾಡಿ ಹೇಳಲಾರೆ. ನೆನಪೂ ಯಾವುದೋ ಸ್ಟುಡಿಯೋದಲ್ಲಿ ಕೆಲಸ ಕಲಿತದ್ದೇ. ಅಡ್ಡ ಬಂದ ಕಡ್ಡಿಗಳನ್ನು ನನ್ನನ್ನು ಕೇಳದೆ ತೆಗೆದುಬಿಡುತ್ತದೆ.

ಒಂದು ಮಳೆಗಾಲ ಕಾಕು ಜ್ವರದಲ್ಲಿ ಮಲಗಿದವರು ಏಳಲಿಲ್ಲ.

ದಿನಕರ್ಮಕ್ಕೆ ಫೋಟೋ ಬೇಕಾಯಿತು. ಇದ್ದುದರಲ್ಲಿ ಒಳ್ಳೆಯದು ಶಿರೂರಿನದೇ: ಜಾಲಿಗಿಡದ ಕೆಳಗೆ ಕಾಕು, ಮಡಿಲಲ್ಲಿ ಡಬ್ಬಿ, ಕಣ್ಣು ಮುಚ್ಚಿದೆ. ಕಾಕುವಿನ ತಮ್ಮ, "ಕಣ್ಣು ತೆರಸ್ರಿ ಭಾವಾ. ಎಲ್ಲಾರ ಮನೀ ಹಿರಿಯರಿಗೆ ಮಾಡೀರಿ, ನಿಮಗೇನು ದೊಡ್ಡದು?" ಎಂದರು. ನನಗೂ ಹಾಗೇ ಅನಿಸಿತು. ಕಾಕುವಿನ ಕಣ್ಣು ಎಂದರೆ ನನಗಂತೂ ಆಗಲೇ ಆ ಜಿಂಕೆಯ ಕಣ್ಣುಗಳೇ ಕಾಣುತ್ತಿದ್ದವು. ಅವರ ಸ್ವಂತದವು ಹೇಗಿದ್ದವೆಂದು ಬಲ್ಲವರು ಈಗ ಕಾಕಾ ಒಬ್ಬರೇ.

ಕಾಕಾ ದಿನವಿಡೀ ಕಂಪ್ಯೂಟರಿನ ಮುಂದೆ ಕೂತರು. ಹಿಂದಿನ ಗಿಡಗಂಟಿ ಮಬ್ಬಾಯಿತು. ಕೆನ್ನೆಗೆ ಅಡ್ಡ ಬಂದ ಜಾಲಿಯ ಕಡ್ಡಿ ಹೋಯಿತು. ಸೀರೆಯ ಅಂಚು ತಿಳಿಯಾಯಿತು. ಸಂಜೆ ಚೌಕಟ್ಟು ಹಾಕಿಸಿ ತಂದು ಮಣೆಯ ಮೇಲೆ ಇಟ್ಟರು.

ಕಣ್ಣು ಮುಚ್ಚಿಯೇ ಇತ್ತು.

ಎಲ್ಲರೂ ಅವರ ಮುಖ ನೋಡಿದರು. ಕಾಕಾ ಮಾಲೆ ಸರಿಮಾಡುತ್ತ ಹೇಳಿದರು:

"ಪ್ರತಿ ಐತವಾರ ನಸುಕಿನ್ಯಾಗ ಎಬ್ಬಿಸೀನಿ. ಇನ್ನಾದ್ರೂ ಮಲಗ್ಲಿ ಬಿಡ್ರಿ."