ಆರು ಕಾರ್ಬನ್ನಿನ ರಂಗೋಲಿ

ರಸಾಯನಶಾಸ್ತ್ರ ಕಲಿಸುವವನಿಗೆ ಕನಸು ಕಾಣುವ ಚಟ ಇರಬಾರದು. ನನಗಿದೆ. ಸಿದ್ದಾಪುರದ ಕಾಲೇಜಿನಲ್ಲಿ ಸಂಯುಕ್ತದ ಹೆಸರು ಓದಿ ರಚನೆ ಬರೆಯುವುದನ್ನು ಹೇಳಿಕೊಡುತ್ತ ಎಲ್ಲೋ ತೇಲಿಹೋಗುತ್ತೇನೆ, ಆಗ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. "ಹೆಸರನ್ನು ಬಾಲದಿಂದ ಓದಿ, ಎಷ್ಟು ಕಾರ್ಬನ್ನು ಅಂತ ಅಲ್ಲಿರುತ್ತದೆ" ಎನ್ನುವುದು ನನ್ನ ಮಂತ್ರ.

ಕೆಳಗಿನ ಮೂರೂ ಪ್ರಸಂಗ ಒಬ್ಬಳೇ ಹುಡುಗಿಯವು. ಹೆಗ್ಗರಣೆ ಕಡೆಯವಳು. ಪಿಯುಸಿಯಲ್ಲಿ ನನ್ನ ವಿಷಯವೊಂದರಲ್ಲೇ ಫೇಲಾಗಿದ್ದಳು. ಮರುಪರೀಕ್ಷೆ ಪಾಸಾದರೆ ಶಿರಸಿಯಲ್ಲಿ ಬಿಎಸ್ಸಿ. ಇಲ್ಲದಿದ್ದರೆ ಇಡೀ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಐದನೆಯ ಕೈ

ಮರುಪರೀಕ್ಷೆಯವರಿಗೆ ಬೆಳಗಿನ ಪಾಠ. ಕಿಟಕಿಯಾಚೆ ಮೈದಾನದ ಮೇಲೆ ಮಂಜು ಮಲಗಿತ್ತು. "ಕಾರ್ಬನ್ನಿಗೆ ನಾಲ್ಕೇ ಕೈ" ಎನ್ನುತ್ತ ಬೋರ್ಡಿನ ಮೇಲೆ ಕೈಗೊಂದರಂತೆ ಬಂಧದ ಗೆರೆ ಎಳೆಯುತ್ತಿದ್ದೆ. ಮಂಜಿನಲ್ಲಿ ಒಂದು ಆಕಳು ಅರ್ಧ ಕಾಣಿಸಿ ಅರ್ಧ ಕರಗಿತು. ನಾನೂ ಅದರ ಹಿಂದೆಯೇ ಹೋದೆ. ಚಾಕ್‌ಪೀಸು ಮಾತ್ರ ಬರೆಯುತ್ತಲೇ ಇತ್ತು.

ಹುಡುಗಿ ಎದ್ದು ನಿಂತಳು. "ಸರ್, ವಿಷ್ಣುವಿಗೇ ನಾಲ್ಕು ಕೈ ಸಾಕಾಗಿದೆ. ನಿಮ್ಮ ಕಾರ್ಬನ್ನಿಗೆ ಐದು ಬಂದಿದೆ."

"ಇಷ್ಟು ತಿಳಿದವಳು ಫೇಲಾದದ್ದು ಹೇಗೆ?" ಎಂದೆ.

"ನೀವೇ ಕಲಿಸಿದ್ದು ಸರ್."

ಮಾತು ಬಿಟ್ಟವರು

2-ಮೀಥೈಲ್‌ಪೆಂಟೇನ್ ಎಂದರೆ ಐದು ಕಾರ್ಬನ್ನಿನ ಸರಪಳಿ, ಎರಡನೆಯದಕ್ಕೊಂದು ಕವಲು. ನಮ್ಮ ಹುಡುಗಿ ಎಡಗಡೆಯಿಂದ ಎಣಿಸಿ ಕವಲು ಹಾಕಿದಳು. ಪಕ್ಕದಲ್ಲಿ ಕೂರುವ ತ್ಯಾಗಲಿಯ ಗೆಳತಿ ಬಲಗಡೆಯಿಂದ ಎಣಿಸಿದಳು. ನಂದು ಸರಿ, ನಂದು ಸರಿ ಎಂದು ಜಗಳವಾಗಿ ಎರಡು ದಿನ ಮಾತಿಲ್ಲ. ಮೂರನೆಯ ದಿನ ಒಬ್ಬಳ ಹಾಳೆಯನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಹಿಂಬದಿಯಿಂದ ಮೂಡಿದ್ದು ಇನ್ನೊಬ್ಬಳದೇ ಚಿತ್ರ. ಎರಡೂ ಒಂದೇ. ಬೆಳಕಿನಲ್ಲಿ ಅದು ಎಷ್ಟು ಚಂದ ಕಂಡಿತೆಂದರೆ ಹಾಳೆ ಇಳಿಸುವುದನ್ನೇ ಮರೆತೆ.

ಹಿಂದಿನಿಂದ ಗೆಳತಿಯ ಪಿಸುಮಾತು ಕೇಳಿತು: "ಹಂಗಾರೆ ಎರಡು ದಿನ ಮಾತು ಬಿಟ್ಟಿದ್ದು ದಂಡ ಆತು ಅಲ್ದನೇ?"

ಬಾಗಿಲೆದುರು

ಪರೀಕ್ಷೆಗೆ ಎರಡು ದಿನವಿತ್ತು. ಹಳೆಯ ಪ್ರಶ್ನೆಪತ್ರಿಕೆ ಕೊಡಲು ಬೆಳಿಗ್ಗೆ ಹುಡುಗಿಯ ಮನೆಗೆ ಹೋದೆ. ಅಂಗಳಕ್ಕೆ ಎಳೆಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವಳು ರಂಗೋಲಿ ಪುಡಿಯಲ್ಲೇ ಅಭ್ಯಾಸ ನಡೆಸಿದ್ದಳು. 'ಸೈಕ್ಲೋಹೆಕ್ಸೇನ್' ಎಂದು ಬರೆದು, ಕೆಳಗೆ ಆರು ಕಾರ್ಬನ್ನುಗಳನ್ನು ಬಿಲ್ಲಿನ ಹಾಗೆ ಬಾಗಿಸಿ, ಎರಡು ತುದಿ ಹಾಗೇ ಬಿಟ್ಟಿದ್ದಳು. ತಿದ್ದಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಒಳಗಿನಿಂದ ಬಂದು, ಚಿಟಿಕೆ ಪುಡಿ ತೆಗೆದು ತುದಿಗಳನ್ನು ಸೇರಿಸಿಬಿಟ್ಟರು.

"ಆಯಿ, ಎಂತಕ್ಕೆ ಮುಚ್ಚಿದೆ?" ಹುಡುಗಿ ಅಳುವುದೊಂದು ಬಾಕಿ.

"ಬಾಗಿಲೆದ್ರಿಗೆ ರಂಗೋಲಿ ಬಾಯಿ ಬಿಟ್ಕಂಡು ಇಪ್ಪಲಾಗ." ತುದಿ ಕೂಡದ ರಂಗೋಲಿ ಮನೆಯೆದುರು ಇರಬಾರದಂತೆ.

ಆ ಉಂಗುರವನ್ನೇ ನೋಡುತ್ತ ನಿಂತೆ. ಹೆಸರಿನ ತಲೆಯಲ್ಲಿ ಸೈಕ್ಲೋ ಎಂದಿದ್ದಲ್ಲಿ ತುದಿಗಳು ಕೂಡಲೇಬೇಕು. ತಾಯಿ ಮಾಡಿದ್ದೇ ಸರಿ ಎಂದು ಹುಡುಗಿಗೆ ಹೇಳಿದೆ. ಬಾಲದಿಂದ ಓದಿ ಎಂದವನು ತಲೆಯನ್ನೂ ಓದಿ ಎನ್ನಬೇಕಾದಾಗ ಯಾವ ಮಂಜಿನಲ್ಲಿದ್ದೆನೋ. ನನಗೆ ನಾಚಿಕೆಯಾಯಿತು.

ಪರೀಕ್ಷೆಯಲ್ಲಿ ಅದೇ ಹೆಸರು ಬಂತು. "ಸೈಕ್ಲೋ ಕಂಡಲ್ಲಿ ಆಯಿ ನೆನಪಾಗಿ ಮುಚ್ಚಿದೆ ಸರ್. ಉಳಿದವನ್ನು ಮುಚ್ಚಲಿಲ್ಲ" ಎಂದಳು. ಪಾಸಾದಳು. ನಾನೇ ಪಾಸಾದಷ್ಟು ಖುಷಿಯಾಯಿತು.

ಬಿಎಸ್ಸಿಗೆ ಸೇರಿಸಿ ಬರುವಾಗ ತಾಯಿ ಮಗಳು ಕಾಯಿಬರ್ಫಿ ಹಿಡಿದು ನಮ್ಮ ಕಾಲೇಜಿಗೆ ಬಂದರು. ಪರೀಕ್ಷೆಯಲ್ಲಿ ಬರೆದ ರಚನೆಗಳನ್ನೆಲ್ಲ ಮಗಳು ಹಾಳೆಯ ಮೇಲೆ ಮತ್ತೆ ಬರೆದು ತೋರಿಸಿದಳು. ತಾಯಿ ಒಂದೊಂದನ್ನೇ ನೋಡಿದರು. ಒಂದು ಉಂಗುರ ಬಿಟ್ಟರೆ ಉಳಿದವೆಲ್ಲ ತುದಿ ಚಾಚಿಕೊಂಡು ನಿಂತಿದ್ದವು.

"ಇಷ್ಟೆಲ್ಲ ಬಾಯಿ ಬಿಟ್ಕಂಡಿದ್ರೂ ಪಾಸು ಮಾಡಿದ್ರಲ್ಲ ಸರ್" ಎಂದರು. "ಪೇಪರ್ ತಿದ್ದಿದವ್ರು ಪಾಪ, ಒಳ್ಳೆಯವ್ರೇ ಇರ್ಬೇಕು."