ಭಟ್ರ ಮೀನಿಗೆ ಸೆಖೆ

ಹೋಟೆಲಿನಲ್ಲಿ ನಿನ್ನೆಯ ತಿಂಡಿ ಸಿಕ್ಕೀತು, ಫಜೀತಿ ಮಾತ್ರ ದಿನಾ ತಾಜಾ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಭಟ್ರ ಹೋಟೆಲಿನಲ್ಲಿ ಕಾಫಿ ತಿಂಡಿ ಕೊಡುತ್ತಿದ್ದವ ನಾನು, ನನಗೆ ಗೊತ್ತು.

ಬಾಯಿ ಬಿಟ್ಟದ್ದು

ಭಟ್ರ ಭಾವ ಬೊಂಬಾಯಿಯಿಂದ ಗಾಜಿನ ತೊಟ್ಟಿಯನ್ನೂ ನಾಲ್ಕು ಕೆಂಪು ಮೀನುಗಳನ್ನೂ ತಂದುಕೊಟ್ಟರು. ಕತ್ತಲಾದರೂ ಜನ ನೋಡಲಿ ಎಂದು ಭಟ್ರು ಗ್ಯಾಸ್‌ಲೈಟನ್ನು ಸರೀ ತೊಟ್ಟಿಯ ನೆತ್ತಿಗೆ ತೂಗುಹಾಕಿದರು. ಜನ ಮುಗಿಬಿದ್ದರು, ಎದುರಿನ ಹೋಟೆಲು ಖಾಲಿ.

ಸ್ವಲ್ಪ ಹೊತ್ತಿಗೆ ನೀರು ಬೆಚ್ಚಗಾಗಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬಸ್ರೂರಿನ ಗಿರಾಕಿಯೊಬ್ಬರು ಕೂಗಿದರು: "ಹ್ವಾಯ್ ಭಟ್ರೇ, ನಮ್ ದೋಸೆ ತಡ ಆರೂ ಅಡ್ಡಿಲ್ಲೆ. ಮೊದ್ಲ್ ಆ ಮೀನಿಗ್ ಎಂತಾರೂ ಕೊಡಿ."

ಬೀಸಣಿಗೆ

ದೀಪ ದೂರ ಇಡುವ ಎಂದೆ. "ಮತ್ತೆ ಜನ ಕತ್ಲಿ ಕಾಂಬುದಾ?" ಎಂದು ಭಟ್ರು ನನ್ನ ಕೈಗೆ ಅಡಿಕೆ ಹಾಳೆಯ ಬೀಸಣಿಗೆ ಕೊಟ್ಟರು. ಒಂದು ಕೈಯಲ್ಲಿ ಇಡ್ಲಿ, ಇನ್ನೊಂದರಲ್ಲಿ ಮೀನಿನ ಸೇವೆ. ನೀರೇನೋ ತುಸು ತಣಿಯಿತು, ಬೆವರು ಒರೆಸಿಕೊಳ್ಳುತ್ತ ತಿನ್ನುತ್ತಿದ್ದ ವಕೀಲರೊಬ್ಬರ ಮೈ ಉರಿಯಿತು.

"ತಿಂಬ ನಮ್ಗ್ ಗಾಳಿ ಇಲ್ಲೆ, ಮೀನಿಗ್ ಗಾಳಿಯಾ?"

ಭಟ್ರು ತಲೆ ಎತ್ತಲಿಲ್ಲ. "ಅವ್ ಎರಡ್ನೇ ಸಲ ಚಟ್ನಿ ಕೇಂತಿಲ್ಲೆ."

ಬೈರಾಸು

ಆಮೇಲೆ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ತೊಟ್ಟಿಗೆ ಸುತ್ತಿದೆವು. ನೀರು ತಂಪಾಯಿತು, ಮೀನು ಕಾಣದಾಯಿತು. ಮೀನು ನೋಡಲೆಂದೇ ಕೋಟದಿಂದ ಬಂದ ಅಜ್ಜಿಯೊಬ್ಬರು ಅದಕ್ಕೆ ಒಂದು ಸುತ್ತು ಬಂದು, "ಇದನ್ನ್ ಕಾಂಬುಕೆ ಬಸ್ಸ್ ಹತ್ಕಾ? ನಮ್ಮನಿ ಬಾವಿಕಟ್ಟೆ ಮೇಲೆ ಎರಡ್ ಒಣಗ್ತಾ ಇತ್ತ್" ಎಂದು ಕಾಫಿಯನ್ನೂ ಕುಡಿಯದೆ ಹೋದರು.

ಮೂರು ಲೋಟ

ಕಡೆಗೆ ಬೈರಾಸು ಬಿಚ್ಚಿ, ಮತ್ತೆ ಬಿಸಿಯಾದ ನೀರನ್ನು ಮೊಗೆದು ಬಾವಿಯ ತಣ್ಣೀರು ಹೊಯ್ಯುವುದೆಂದಾಯಿತು. ಮೊಗೆದ ನೀರಿನ ಕೊಡಪಾನವನ್ನು ನಾನು ಅಡಿಗೆಮನೆ ಬಾಗಿಲಲ್ಲಿಟ್ಟೆ. ಅಷ್ಟರಲ್ಲಿ ಪುರೋಹಿತರು ಬಂದರು, ಮಹಾ ಮಡಿವಂತರು. ಅವರು ಬೇಡ ಎಂದ ಜಾಗಕ್ಕೆ ಅವರ ಕಡೆಯವರು ಒಬ್ಬರೂ ಕಾಲಿಡುತ್ತಿರಲಿಲ್ಲ.

"ಬ್ರಾಹ್ಮಣ್ರ ಹೋಟ್ಲಲ್ಲಿ ಮೀನಾ? ತೆಗೀದಿದ್ರೆ ನಾಳೆಯಿಂದ ನಮ್ಮವ್ರ್ ಯಾರೂ ಬತ್ತಿಲ್ಲೆ."

ಭಟ್ರ ವ್ಯಾಪಾರವೇ ಮುಳುಗುವ ಮಾತು. "ಅದ್ ಮತ್ಸ್ಯಾವತಾರ ಅಲ್ದಾ ಪುರೋಹಿತ್ರೆ? ಕೂಕಣಿ, ಮೊದ್ಲ್ ಕಾಫಿ ಕುಡೀರಿ" ಎಂದರು.

ಪುರೋಹಿತರು ಒಂದು ಗುಟುಕು ಕುಡಿದರು, ಮುಖ ಸಡಿಲವಾಯಿತು. "ಇದ್ ಕಾಫಿ ಅಲ್ಲ ಭಟ್ರೇ, ತೀರ್ಥ. ಇನ್ನೊಂದ್ ತಕಂಬನ್ನಿ."

ಎರಡನೆಯ ಲೋಟ ಕೊಟ್ಟು ಒಳಗೆ ಹೋದರೆ ಕೊಡಪಾನ ಅರ್ಧ ಖಾಲಿ. ಅಡಿಗೆಯವರು ಖುಷಿಯಲ್ಲಿದ್ದರು: "ನೀರ್ ಬೆಚ್ಚಗ್ ಮಾಡಿ ತಂದಿಟ್ಟದ್ದ್ ಒಳ್ಳೇದಾಯ್ತ್ ಮಾರಾಯ, ಸೌದಿ ಉಳೀತ್."

ಓಡಿಬಂದು ಭಟ್ರ ಕಿವಿಯಲ್ಲಿ ಮೀನಿನ ನೀರಿನ ಸಂಗತಿ ಉಸುರುವಷ್ಟರಲ್ಲಿ ಪುರೋಹಿತರ ಎರಡನೆಯ ಲೋಟವೂ ಬರಿದಾಗಿತ್ತು.

"ಮತ್ಸ್ಯಾವತಾರ ಹೌದೇ ಹೌದ್. ತೊಟ್ಟಿ ಅಲ್ಲೇ ಇರ್ಲಿ," ಎಂದು ಅಪ್ಪಣೆಯಾಯಿತು. "ಇನ್ನೊಂದ್ ಲೋಟ."

ಭಟ್ರು ಬೆವರುತ್ತ ಕೈಮುಗಿದರು. "ಎರಡ್ ಆಯ್ತಲೆ, ಸಾಕಲ್ದಾ?"

"ಎಂತ ಮಾತಾಡ್ತ್ರಿ ಭಟ್ರೇ? ತೀರ್ಥ ಮೂರ್ ಸಲ ತಕಣ್ಕ್."